ದೊಡ್ಡೋನು ಪಾಸಾದ ದಿನ

ಬಲಗೈ ಎತ್ತಿ ತಲೆ ಬಾಚಿಕೊಳ್ಳಲು ಆಗದೇ ಹೋದದ್ದೇ ಗಾಜಣ್ಣನ ಇಷ್ಟೆಲ್ಲ ಪಾಡಿಗೆ ಕಾರಣ. ಮೂರು ತಿಂಗಳಿಂದ ಅವನ ತಲೆಯನ್ನು ಹೆಂಡತಿಯೇ ಬಾಚುತ್ತಿದ್ದಳು. ಅವಳು ಬೈತಲೆಯನ್ನು ಬಲಕ್ಕೆ ತೆಗೆಯುತ್ತಿದ್ದಳು, ಅವನದು ಹುಟ್ಟಿದಾಗಿನಿಂದ ಎಡಕ್ಕೆ. ಗಾಜು ಕನ್ನಡಿ ಮಾರುವ ಅಂಗಡಿಯವನಾದ್ದರಿಂದ ದಿನವಿಡೀ ತಿರುಗಿದ ಕಡೆಯಲ್ಲೆಲ್ಲ ಆ ತಪ್ಪು ಬೈತಲೆಯೇ ಅವನ ಕಣ್ಣಿಗೆ ಬೀಳುತ್ತಿತ್ತು.

ಕೊನೆಗೆ ಡಾಕ್ಟರ ಹತ್ತಿರ ಹೋದ. ಡಾಕ್ಟರು ಭುಜವನ್ನು ಹಿಂದೆ ಮುಂದೆ ತಿರುಗಿಸಿ, ಅವನು ಮುಖ ಕಿವುಚಿದ ಕಡೆಯಲ್ಲೆಲ್ಲ ಇನ್ನೊಮ್ಮೆ ತಿರುಗಿಸಿ ನೋಡಿ, "ಏನು ಕೆಲಸ ಮಾಡ್ತೀರಿ?" ಎಂದರು.

"ಗಾಜಿನ ಅಂಗಡಿ. ಮನೆಮನೆಗೆ ಗಾಜು ತಲುಪಿಸ್ತೀನಿ. ಸ್ವಂತ ಪಿಕಪ್ ಇದೆ."

ಯಾವ ಪಿಕಪ್ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟರು. "ಅದಿನ್ನೂ ಓಡ್ತಿದೆಯಾ? ನಾನು ಓದುವಾಗ ಹಾಸ್ಟೆಲಿಗೆ ತರಕಾರಿ ಬರ್ತಿದ್ದದ್ದು ಅಂಥ ಗಾಡೀಲಿ." ಆಮೇಲೆ ಗಂಭೀರವಾದರು. "ನೋಡಿ, ಆ ಸ್ಟೀರಿಂಗ್ ತಿರುಗಿಸೋದೂ ಒಂದೇ, ಬಾವಿಯಿಂದ ನೀರು ಸೇದೋದೂ ಒಂದೇ. ಪವರ್ ಸ್ಟೀರಿಂಗ್ ಇರೋ ಹೊಸ ಗಾಡಿ ತಗೊಳ್ಳಿ. ಇಲ್ಲಾಂದ್ರೆ ಇನ್ನೆರಡು ವರ್ಷಕ್ಕೆ ಅಂಗಿ ಗುಂಡಿ ಹಾಕೋಕೂ ಇನ್ನೊಬ್ಬರು ಬೇಕಾಗುತ್ತೆ."

ಆ ಪಿಕಪ್ಪನ್ನು ಗಾಜಣ್ಣನ ಅಪ್ಪ ಕೊಂಡು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಸಣ್ಣ ಗಾಡಿ. ಮುಂದೆ ಮೂವರು ಭುಜಕ್ಕೆ ಭುಜ ಒತ್ತಿಕೊಂಡು ಕೂರುವಷ್ಟು ಜಾಗ, ಹಿಂದೆ ಗಾಜಿನ ಹಲಗೆಗಳನ್ನು ಒರಗಿಸಿ ನಿಲ್ಲಿಸಲು ಮರದ ಚೌಕಟ್ಟು. ಅದರ ಬಣ್ಣ ನೀಲಿ ಎನ್ನುವವರೂ ಬೀದಿಯಲ್ಲಿದ್ದರು, ಬೂದಿ ಎನ್ನುವವರೂ ಇದ್ದರು. ಕಿಲೋಮೀಟರು ತೋರಿಸುವ ಮೀಟರಿನಲ್ಲಿ ಐದೇ ಅಂಕಿಗಳಿಗೆ ಜಾಗವಿತ್ತು. ಅದನ್ನು ಮಾಡಿದವರು ಅಷ್ಟು ಸಾಕೆಂದುಕೊಂಡಿರಬೇಕು. ಮೀಟರು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಮುಟ್ಟಿ, ಉಸಿರು ಬಿಟ್ಟು, ಮತ್ತೆ ಸೊನ್ನೆಗೆ ಇಳಿದದ್ದು ಈವರೆಗೆ ಐದು ಸಲ. ಈಗ ಆರನೆಯ ಸುತ್ತು ನಡೆದಿತ್ತು.

ಅಪ್ಪ ಅದನ್ನು 'ದೊಡ್ಡೋನು' ಎಂದು ಕರೆಯುತ್ತಿದ್ದ, ಮನೆಯ ಹಿರಿಮಗ ಎನ್ನುವ ಹಾಗೆ. ಗಾಜಣ್ಣ ಹತ್ತೊಂಬತ್ತರ ವಯಸ್ಸಿನಿಂದ ಆ ಗಾಡಿಯನ್ನು ಓಡಿಸಿದವನು, ಅದರ ಜೊತೆ ತೂಗಿಸಿಕೊಂಡೂ ಬೆಳೆದವನು. "ದೊಡ್ಡೋನನ್ನ ನೋಡಿ ಕಲಿ. ಜ್ವರ ಅಂತ ಮಲಗಲ್ಲ." "ದೊಡ್ಡೋನು ಎದುರು ಮಾತಾಡಲ್ಲ." "ದೊಡ್ಡೋನು ಮದುವೆ ಆಯ್ತು ಅಂತ ಎಂದಾದ್ರೂ ತಡವಾಗಿ ಬಂದಿದಾನಾ?" ಲೋಕದಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚು ಪಡಲು ಅಣ್ಣನೋ ಷಡ್ಡಕನೋ ಇರುತ್ತಾರೆ. ಗಾಜಣ್ಣನಿಗೆ ಒಂದು ಪಿಕಪ್ಪು ಇತ್ತು. ಒಂಬತ್ತು ವರ್ಷದ ಹಿಂದೆ ಅಪ್ಪ ಕೊನೆಯ ಸಲ ಕಣ್ಣು ಬಿಟ್ಟಾಗ ಮಂಚದ ಪಕ್ಕ ಕೂತಿದ್ದವನು ಗಾಜಣ್ಣನೇ. ಅಪ್ಪ ಅವನ ಕೈ ಹಿಡಿದು, ಕಷ್ಟಪಟ್ಟು ಉಸಿರೆಳೆದು ಕೇಳಿದ್ದು ಒಂದೇ ಮಾತು: "ದೊಡ್ಡೋನಿಗೆ ಆಯಿಲ್ ಬದಲಾಯಿಸಿದೆಯೇನೋ?"

ಅಪ್ಪನ ನಂತರ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು ಅಕ್ಕ. ಗಾಜಣ್ಣನಿಗಿಂತ ಎಂಟು ವರ್ಷ ದೊಡ್ಡವಳು. ಅಂಗಡಿಯ ಮೇಲಿನ ಮಹಡಿಯಲ್ಲೇ ಅವಳ ಮನೆ. ಡಾಕ್ಟರು ಹೇಳಿದ್ದನ್ನು ತಮ್ಮ ಒಪ್ಪಿಸಿದಾಗ ಅವಳು ಕನ್ನಡಕ ಕೆಳಗಿಳಿಸಿ ಅವನ ಬೈತಲೆಯನ್ನು ಒಮ್ಮೆ ನೋಡಿದಳು.

"ಓಡೋ ಗಾಡೀನ ಮಾರಬೇಡಿ ಅಂತ ಅಪ್ಪ ಹೇಳಿದ್ದು ನಿಂಗೂ ಗೊತ್ತು. ಮುಂದಿನ ತಿಂಗಳು ಎಫ್‌ಸಿ ಇದೆಯಲ್ಲ, ಅದರಲ್ಲಿ ಫೇಲಾಗಲಿ. ಫೇಲಾದ ಗಾಡಿ ಓಡೋ ಗಾಡಿ ಅಲ್ಲ. ಆಗ ಹೊಸದು ತರೋಣ. ಪಾಸಾದ್ರೆ ಮಾತ್ರ ಮುಂದಿನ ಎಫ್‌ಸಿವರೆಗೂ ಈ ಮಾತು ಎತ್ತಬೇಡ."

ಎಫ್‌ಸಿ ಎಂದರೆ ಗಾಡಿ ಇನ್ನೂ ರಸ್ತೆಗೆ ಯೋಗ್ಯ ಎಂದು ತಪಾಸಣೆ ಮಾಡಿ ಕೊಡುವ ಸರ್ಟಿಫಿಕೇಟು. ಇಪ್ಪತ್ತೊಂಬತ್ತು ವರ್ಷದಲ್ಲಿ ದೊಡ್ಡೋನು ಅದರಲ್ಲಿ ಒಮ್ಮೆಯೂ ಫೇಲಾದವನಲ್ಲ. ಗಾಜಣ್ಣ ಮಾತ್ರ ಹೈಸ್ಕೂಲಿನಲ್ಲಿ ಎರಡು ಸಲ ಆಗಿದ್ದ.

ಅದೇ ಸಮಯಕ್ಕೆ ಅಕ್ಕನ ಅಳಿಯನೂ ಬಂದು ಅಂಗಡಿ ಸೇರಿಕೊಂಡಿದ್ದ. ಒಳ್ಳೆಯ ಹುಡುಗ, ನಯವಾದ ಮಾತು, ದುಡಿಯುವ ಆಸೆಯೂ ಇತ್ತು. ಆದರೆ ಅವನು ಮುಟ್ಟಿದ್ದು ಎರಡು ಹೋಳಾಗುತ್ತಿತ್ತು. ಬೇರೆ ಯಾವ ಅಂಗಡಿಯಲ್ಲಾದರೂ ಇದು ದೊಡ್ಡ ದೋಷವಾಗುತ್ತಿರಲಿಲ್ಲ. ಮೊದಲ ವಾರ ಒಂದು ನಿಲುಗನ್ನಡಿ, ಎರಡನೆಯ ವಾರ ಯಾರದೋ ಬಾಗಿಲಿನ ಗಾಜು, ಮೂರನೆಯ ವಾರ, ಹೇಗೆಂದು ಯಾರಿಗೂ ತಿಳಿಯದಂತೆ, ಕಬ್ಬಿಣದ ಸ್ಟೂಲು. ಅವನು ಗಾಜಿನ ಹತ್ತಿರ ಸುಳಿದಾಗಲೆಲ್ಲ ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು.

ಎಫ್‌ಸಿ ದಿನ ಬೆಳಗ್ಗೆ, ಅಕ್ಕ ಮಹಡಿಯಿಂದ ಇಳಿಯುವ ಮೊದಲೇ ಗಾಜಣ್ಣ ಗಾಡಿಯ ಹತ್ತಿರ ಬಂದ. ಸ್ವಂತ ಮನೆಗೆ ಕನ್ನ ಹಾಕುವ ಕಳ್ಳನ ಹಾಗೆ ಆ ಕಡೆ ಈ ಕಡೆ ನೋಡಿದ. ಕಟಿಂಗ್ ಪ್ಲೇಯರ್ ತೆಗೆದು ಹಾರನ್ನಿನ ವೈರು ಕತ್ತರಿಸಿದ. ಹಿಂದಿನ ಎಡಗಡೆಯ ಟೈರು ಬಿಚ್ಚಿ, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಬೋಳು ಟೈರು ಹಾಕಿದ. ಬಾನೆಟ್ ಎತ್ತಿ, ಎಂಜಿನ್ನಿಗೆ ಗಾಳಿ ಹೋಗುವ ಫಿಲ್ಟರಿನೊಳಗೆ ತನ್ನ ಹಳೆಯ ಬನಿಯನ್ನೊಂದನ್ನು ಚೆನ್ನಾಗಿ ತುರುಕಿದ. ಉಸಿರು ಕಟ್ಟಿದ ಡೀಸೆಲ್ ಎಂಜಿನ್ನು ಕರಿ ಹೊಗೆ ಉಗುಳುತ್ತದೆ, ಹೊಗೆ ಉಗುಳುವ ಗಾಡಿಗೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ. ಎಲ್ಲ ಮುಗಿಸಿ ಬಾನೆಟ್ ಮುಚ್ಚುವಾಗ ಅವನಿಗೆ ಸ್ವಲ್ಪ ನಾಚಿಕೆಯಾಯಿತು.

"ಇದೊಂದು ಸಲ ಸೋಲು ಮಾರಾಯ" ಎಂದ, ಮೆಲ್ಲಗೆ. "ನಿನಗೇನೂ ನಷ್ಟ ಇಲ್ಲ."

ಗಾಡಿ ಎಂದಿನಂತೆ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಬೀದಿಯ ತುದಿ ದಾಟುವ ಮೊದಲೇ ಪಕ್ಕದ ಮನೆಯ ಡ್ರೈವರಜ್ಜ ಅಡ್ಡ ಬಂದು ಕೈ ತೋರಿಸಿದ. ನಲವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮುದುಕ. ಬೀದಿಯಲ್ಲಿ ಯಾರ ಗಾಡಿ ಕೆಮ್ಮಿದರೂ ಕರೆಯದೆ ಬರುತ್ತಿದ್ದ.

"ಎಫ್‌ಸಿಗೆ ಒಬ್ಬನೇ ಹೋಗ್ತಿದೀಯಾ? ಚೆನ್ನಾಗಿದೆ. ನಡಿ, ನಾನೂ ಬರ್ತೀನಿ. ದೊಡ್ಡೋನಿಗೆ ನಮ್ಮವರು ಅಂತ ಒಬ್ಬರಾದ್ರೂ ಜೊತೆಗಿರಬೇಡವಾ?"

"ನಾನಿದೀನಲ್ಲ ಅಜ್ಜ."

"ನೀನು ಓಡಿಸೋನು. ನೋಡಿಕೊಳ್ಳೋರು ಬೇರೆ ಬೇಕು" ಎಂದು ಅಜ್ಜ ಹತ್ತಿ ಕೂತೇಬಿಟ್ಟ.

ಮೊದಲ ತಿರುವಿನಲ್ಲಿ ಸೈಕಲ್ಲಿನವನೊಬ್ಬ ನಡುರಸ್ತೆಯಲ್ಲಿ ಫೋನು ನೋಡುತ್ತ ನಿಂತಿದ್ದ. ಗಾಜಣ್ಣ ಹಾರನ್ ಒತ್ತಿದ, ಸದ್ದಿಲ್ಲ. ಮತ್ತೆ ಒತ್ತಿದ, ಒತ್ತಬೇಕಲ್ಲ ಎಂದು. ಅಜ್ಜ ಕಿವಿ ನಿಮಿರಿಸಿದ. "ನಿಲ್ಲಿಸು."

"ಬಿಡಿ ಅಜ್ಜ, ಹೊತ್ತಾಗುತ್ತೆ."

"ಹಾರನ್ ಇಲ್ಲದೆ ಎಫ್‌ಸಿಗೆ ಹೋಗೋದಾ? ಬಾಯಿಲ್ಲದೆ ಜಗಳಕ್ಕೆ ಹೋದ ಹಾಗೆ." ಅಜ್ಜ ಇಳಿದು, ಬಗ್ಗಿ, ವೈರನ್ನು ಎಳೆದು ನೋಡಿ, ತಲೆಯಾಡಿಸಿದ. "ಇಲಿ ಕಡಿದಿದೆ." ಜೇಬಿನಿಂದ ಕಪ್ಪು ಟೇಪಿನ ಸುರುಳಿ ತೆಗೆದು ಎರಡು ನಿಮಿಷದಲ್ಲಿ ಜೋಡಿಸಿದ. ಅಂಥದ್ದನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡುವ ಮನುಷ್ಯ ತನ್ನ ಪಕ್ಕದ ಮನೆಯಲ್ಲೇ ಇರಬೇಕೇ ಎಂದು ಗಾಜಣ್ಣ ಒಳಗೊಳಗೇ ನೊಂದ. ಹಾರನ್ನು ಮೊದಲಿಗಿಂತ ಗಟ್ಟಿಯಾಗಿ ಕೂಗಿತು.

ಮುಖ್ಯರಸ್ತೆಗೆ ಬಂದ ಕೂಡಲೇ ಪಂಕ್ಚರ್ ಅಂಗಡಿಯಿಂದ ಒಂದು ಶಿಳ್ಳೆ ಬಂತು. ಅಂಗಡಿಯವನನ್ನು ಎಲ್ಲರೂ ಟ್ಯೂಬು ಎಂದು ಕರೆಯುತ್ತಿದ್ದರು. ಮೈ ಕಡ್ಡಿಯಂತಿದ್ದರೂ ಮಾತಿನಲ್ಲಿ ಗಾಳಿ ಕಡಿಮೆಯಾಗುತ್ತಿರಲಿಲ್ಲ. ಅವನು ಓಡಿಬಂದು ಹಿಂದಿನ ಟೈರಿನ ಮೇಲೆ ಕೈಯಾಡಿಸಿ, ಸತ್ತವರ ಹಣೆ ಮುಟ್ಟಿದವನಂತೆ ಕೈ ಹಿಂದೆಗೆದ.

"ಗಾಜಣ್ಣ, ಇದು ಟೈರಾ ಇಲ್ಲ ನಮ್ಮ ತಾತನ ತಲೆಯಾ? ಹೋದ ವಾರ ನಾನೇ ನೋಡಿದ್ದೆ, ಚೆನ್ನಾಗಿತ್ತಲ್ಲ."

"ಅದು... ಪಂಕ್ಚರ್ ಆಗಿತ್ತು. ಸ್ಟೆಪ್ನಿ ಹಾಕಿದೆ."

"ಪಂಕ್ಚರ್ ಆದ್ರೆ ನನ್ನ ಹತ್ರ ಬರಬೇಕು ತಾನೆ? ಎಫ್‌ಸಿಗೆ ಹೊರಟಿದ್ದೀರಾ? ದೇವರೇ, ಇಳೀರಿ."

"ಬೇಡ ಮಾರಾಯ, ಹೀಗೇ ನಡೆಯುತ್ತೆ."

ಟ್ಯೂಬು ಆಗಲೇ ಜಾಕ್ ಕೊಟ್ಟಾಗಿತ್ತು. ಒಳಗಿನಿಂದ ಮೇಲೆ ಹೊಸ ರಬ್ಬರು ಹೊದಿಸಿದ ಒಂದು ರೀಸೋಲ್ ಟೈರು ಉರುಳಿಸಿಕೊಂಡು ಬಂದು, ನಟ್ಟು ಬಿಗಿಯುತ್ತ ಹೇಳಿದ: "ನಮ್ಮ ಹುಡುಗಿ ಹುಟ್ಟೋ ದಿನ ಯಾವ ಗಾಡಿನೂ ಸಿಗದೆ ದೊಡ್ಡೋನಲ್ಲೇ ಆಸ್ಪತ್ರೆಗೆ ಹೋಗಿದ್ದು ಮರೆತುಬಿಟ್ರಾ? ಹಿಂದೆ ಗಾಜು ಲೋಡು, ಮುಂದೆ ನಮ್ಮವಳು. ಒಂದು ಗಾಜೂ ಒಡೀಲಿಲ್ಲ, ಅವಳೂ ಒಂದು ಸಲ ಅಮ್ಮ ಅನ್ನಲಿಲ್ಲ. ಹುಡುಗಿ ಈಗ ಕಾಲೇಜಿಗೆ ಹೋಗ್ತಾಳೆ. ಈ ಟೈರು ಅವಳ ಕಡೆಯಿಂದ ಅಂದ್ಕೊಳ್ಳಿ." ಕೊನೆಯ ನಟ್ಟು ಬಿಗಿದು, ಅಂಗಡಿಯ ಅರ್ಧ ಬಾಗಿಲೆಳೆದು, ತಾನೂ ಹತ್ತಿ ಕೂತ. "ಪಾಸಾಗೋದನ್ನ ನೋಡಬೇಕು ನಾನು."

ಗಾಜಣ್ಣನಿಗೆ ಈಗ ಉಳಿದದ್ದು ಬನಿಯನ್ನೊಂದೇ.

ಬನಿಯನ್ನು ಕೈಕೊಡಲಿಲ್ಲ. ತಪಾಸಣೆ ಮೈದಾನಕ್ಕೆ ಹೋಗುವ ಏರುರಸ್ತೆಯಲ್ಲಿ ದೊಡ್ಡೋನು ಒಮ್ಮೆ ಬಿಕ್ಕಿ, ಕಾಡಿಗೆಯಂಥ ಹೊಗೆ ಬಿಟ್ಟ. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಬಿಳಿ ಅಂಗಿಯವನು ಹೊಗೆಯೊಳಗೆ ಹೊಕ್ಕವನು ಹೊರಬರುವಾಗ ಬೇರೆ ಬಣ್ಣದಲ್ಲಿದ್ದ. ಅವನು ಏನೋ ಹೇಳಿ ಹೋದ, ಅದರಲ್ಲಿ ಗಾಜಣ್ಣನ ಹಿರಿಯರ ಹೆಸರು ಬಂತು. ಗಾಜಣ್ಣನ ಮನಸ್ಸಿನಲ್ಲಿ ಹೊಸ ಗಾಡಿಯ ಸ್ಟೀರಿಂಗು ಬೆಣ್ಣೆಯಂತೆ ತಿರುಗಿತು.

"ನಿಲ್ಲಿಸು" ಎಂದ ಅಜ್ಜ.

"ಇನ್ನು ರಿಪೇರಿ ಮಾಡೋಕೆ ಹೊತ್ತಿಲ್ಲ ಅಜ್ಜ. ವಯಸ್ಸಾಯ್ತು ಅದಕ್ಕೆ. ಹಣೇಲಿ ಬರೆದ ಹಾಗೆ ಆಗಲಿ."

"ವಯಸ್ಸಾದವರಿಗೆಲ್ಲ ಹೊಗೆ ಬರಲ್ಲಪ್ಪ. ನಂಗೆ ಎಪ್ಪತ್ತು."

ಬಾನೆಟ್ ಎತ್ತಿದರು. ಅಜ್ಜ ಫಿಲ್ಟರಿನೊಳಗೆ ಎರಡು ಬೆರಳು ಹಾಕಿ, ಜಾದೂಗಾರ ಟೊಪ್ಪಿಯಿಂದ ಕರವಸ್ತ್ರ ತೆಗೆಯುವ ಹಾಗೆ, ಬನಿಯನ್ನನ್ನು ಎಳೆಯುತ್ತ ಹೋದ. ಅದು ಬರುತ್ತಲೇ ಇತ್ತು.

"ಇಲಿ ಸಂಸಾರಾನೇ ಹೂಡಿಬಿಟ್ಟಿತ್ತಲ್ಲೋ" ಎಂದ. ಟ್ಯೂಬು ಬನಿಯನ್ನನ್ನು ಗಾಳಿಯಲ್ಲಿ ಹಿಡಿದು, ಒಮ್ಮೆ ಅದರ ಅಗಲ, ಒಮ್ಮೆ ಗಾಜಣ್ಣನ ಅಗಲ ನೋಡಿದ. "ನಿಮ್ಮ ಅಳತೇದೇ ಎಳ್ಕೊಂಡು ಹೋಗಿದೆ, ನೋಡಿ."

"ನನ್ನ ಅಳತೆಯವರು ಊರಲ್ಲಿ ಬಹಳ ಜನ ಇದಾರೆ" ಎಂದ ಗಾಜಣ್ಣ.

ಮೈದಾನದಲ್ಲಿ ಸಾಲು ಉದ್ದವಿತ್ತು. ಮುಂದೆ ನಿಂತ ಗಾಡಿಗಳೆಲ್ಲ ನಿನ್ನೆ ಮೊನ್ನೆ ಹುಟ್ಟಿದವು. ಬಿಸಿಲು ಏರಿತು. ಅಜ್ಜನೂ ಟ್ಯೂಬೂ ಬೇಲಿಯ ಪಕ್ಕದ ನೆರಳಿಗೆ ಹೋದರು. ಗಾಜಣ್ಣ ಒಬ್ಬನೇ ಗಾಡಿಯಲ್ಲಿ ಕೂತ. ಐದು ನಿಮಿಷಕ್ಕೊಮ್ಮೆ ಹತ್ತಡಿ ಮುಂದೆ ಹೋಗುವುದು, ನಿಲ್ಲುವುದು. ಪ್ರತಿ ಸಲ ಸ್ಟೀರಿಂಗ್ ತಿರುಗಿಸಿದಾಗಲೂ ಭುಜ ಚುಳುಕ್ಕೆನ್ನುತ್ತಿತ್ತು.

ಹಿಂದೆ ಈ ಸಾಲಿನಲ್ಲಿ ದೊಡ್ಡೋನ ಓರಗೆಯವರು ಬಹಳ ಮಂದಿ ಇರುತ್ತಿದ್ದರು. ಹಾಲಿನವನದು, ಬಡಗಿಯದು, ಹೂವಿನ ಕುಂಡ ಮಾರುವವಳದು, ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಮಾಲೀಕರು ಇಳಿದು ಟೀ ಕುಡಿಯುತ್ತ ಯಾರದು ಎಷ್ಟು ಓಡಿದೆ ಎಂದು ಸುಳ್ಳು ಹೇಳುತ್ತಿದ್ದರು. ಗಾಜಣ್ಣನೊಬ್ಬನೇ ನಿಜ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಒಂದೊಂದು ಸಲ ಬಂದಾಗಲೂ ಒಂದೆರಡು ಕಡಿಮೆಯಾಗಿರುತ್ತಿದ್ದವು. ಗುಜರಿಗೆ ಹೋಯಿತು, ಮಾರಿದ, ಮೂಲೆ ಸೇರಿತು ಎಂದು ಸುದ್ದಿ ಬರುತ್ತಿತ್ತು. ಹೀಗೆ ಖಾಲಿಯಾಗುತ್ತ ಬಂದ ಸಾಲಿನಲ್ಲಿ ತಾವಿಬ್ಬರೇ ಉಳಿದುಕೊಂಡಿದ್ದೇವೆ ಎನ್ನುವುದು ಗಾಜಣ್ಣನಿಗೆ ಈವರೆಗೆ ಹೊಳೆದಿರಲಿಲ್ಲ. ಹೊಳೆದಾಗ ಖುಷಿಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ನೆಂಟರ ಮನೆಯಲ್ಲಿ ಎಲ್ಲರೂ ಎದ್ದು ಹೋದ ಮೇಲೂ ಕೂತೇ ಇರುವವನ ಮುಜುಗರದಂಥದ್ದು ಏನೋ ಆಯಿತು.

ಅವನ ಮುಂದಿದ್ದ ಎರಡು ವರ್ಷದ ಬಿಳಿ ಪಿಕಪ್ಪು ಫೇಲಾಯಿತು. ಅದರ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಹತ್ತಿಕೊಂಡು ಆರಲೊಲ್ಲದಾಗಿತ್ತು. ಯಾಕೆಂದು ಗಾಡಿಗೂ ಗೊತ್ತಿರಲಿಲ್ಲ, ಯಜಮಾನನಿಗೂ ಗೊತ್ತಿರಲಿಲ್ಲ. ಅವನು ಸಂತೆಯಲ್ಲಿ ಮಗು ಕಳೆದುಕೊಂಡವನಂತೆ ನಿಂತಿದ್ದ. ಗಾಜಣ್ಣ ಅವನನ್ನು ಆಸೆಯಿಂದ ನೋಡಿದ.

ಬ್ರೇಕ್ ಇನ್ಸ್‌ಪೆಕ್ಟರ್ ಒಬ್ಬ ಹೆಂಗಸು. ನಡುವಯಸ್ಸು ದಾಟಿದ್ದಳು. ತೋಳಿನವರೆಗೆ ಗ್ರೀಸು, ಕೈಯಲ್ಲಿ ಟಾರ್ಚು. ಬಹಳ ಕಟ್ಟುನಿಟ್ಟು ಎಂದು ಹೆಸರಾದವಳು. ಅವಳು ಗಾಡಿಯನ್ನು ಒಂದು ಸುತ್ತು ಬಂದಳು. ದೀಪ ಹಾಕಿಸಿದಳು, ಹಾರನ್ ಒತ್ತಿಸಿದಳು, ಬಗ್ಗಿ ವೈರಿನ ಮೇಲಿನ ಹೊಸ ಟೇಪು ನೋಡಿದಳು.

"ಇದೇನು?"

"ಇಲಿ ಕಡಿದಿತ್ತು ಮೇಡಂ."

ಅವಳು ಟೇಪಿನ ತುದಿ ಬಿಡಿಸಿ, ತಂತಿಯ ತುದಿಯನ್ನು ಟಾರ್ಚಿನ ಬೆಳಕಿಗೆ ಹಿಡಿದಳು. "ನಿಮ್ಮ ಕಡೆ ಇಲಿಗಳು ಕಟಿಂಗ್ ಪ್ಲೇಯರ್ ಇಟ್ಕೊಂಡಿರ್ತವಾ?"

ಗಾಜಣ್ಣ ನೆಲ ನೋಡಿದ. ಅವಳು ಮತ್ತೇನೂ ಕೇಳದೆ ಟೇಪನ್ನು ಸರಿಯಾಗಿ ಸುತ್ತಿ, "ಬ್ರೇಕ್ ನೋಡೋಣ" ಎಂದಳು.

ನೆಲದ ಮೇಲೆ ಹಳದಿ ಗೆರೆ ಎಳೆದಿತ್ತು. ವೇಗವಾಗಿ ಬರಬೇಕು, ಅವಳು ಕೈ ಇಳಿಸಿದಾಗ ಬ್ರೇಕ್ ಹಾಕಬೇಕು, ಗೆರೆ ದಾಟಬಾರದು. ಗಾಜಣ್ಣನಿಗೆ ಇದಕ್ಕಿಂತ ಸುಲಭವಾದ ಅವಕಾಶ ಸಿಗುವ ಹಾಗಿರಲಿಲ್ಲ. ಅರೆ ಕ್ಷಣ ತಡ ಮಾಡಿದರೆ ಸಾಕು. ವೇಗವಾಗಿ ಬಂದ. ಅವಳು ಕೈ ಇಳಿಸಿದಳು. ತಡಿ, ತಡಿ ಎಂದು ತಲೆ ಹೇಳುತ್ತಿದ್ದಂತೆಯೇ ಬಲಗಾಲು ತನ್ನ ಪಾಡಿಗೆ ತಾನು ಬ್ರೇಕಿನ ಮೇಲೆ ಕೂತು, ಮೊದಲು ಹಗುರವಾಗಿ, ಆಮೇಲೆ ಗಟ್ಟಿಯಾಗಿ, ಕೊನೆಯಲ್ಲಿ ಮತ್ತೆ ಹಗುರವಾಗಿ ಒತ್ತಿತು. ದೊಡ್ಡೋನು ಗೆರೆಗೆ ಒಂದು ಗೇಣು ಮೊದಲೇ ನಿಂತ.

"ಇನ್ನೊಂದು ಸಲ" ಎಂದಳು ಅವಳು.

ಇನ್ನೊಂದು ಸಲವೂ ಹಾಗೆಯೇ ಆಯಿತು. ಹಿಂದೆ ಗಾಜು ಹೇರಿಕೊಂಡು ಇಪ್ಪತ್ತೊಂಬತ್ತು ವರ್ಷ ಓಡಾಡಿದ ಕಾಲು ಅದು. ಯಜಮಾನ ಏನು ಹೇಳಿದರೂ ಕೇಳುವ ವಯಸ್ಸು ಅದಕ್ಕೆ ದಾಟಿತ್ತು.

ಅವಳು ಗಾಡಿಯ ಕೆಳಗೆ ತೂರಿದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಬೆರಳ ತುದಿಯಲ್ಲಿ ಕೆಂಪು ಪುಡಿ ಇತ್ತು.

"ಕೆಳಗಿನ ಕಬ್ಬಿಣದ ಚಾಸಿ ಮೇಲೆ ಒಂದು ಕಡೆ ತುಕ್ಕು ಇದೆ. ಅಂಗೈ ಅಗಲ. ಇನ್ನೂ ಒಳಗೆ ಇಳಿದಿಲ್ಲ. ಇದು ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ. ವೆಲ್ಡಿಂಗ್ ಮಾಡಿಸಬೇಕು ಅಂತ ಬರೆದು ಪಾಸ್ ಮಾಡಬಹುದು, ಫೇಲ್ ಅಂತಾನೂ ಬರೀಬಹುದು. ಎರಡಕ್ಕೂ ರೂಲಿನಲ್ಲಿ ಜಾಗ ಇದೆ." ಕೈ ಒರೆಸಿಕೊಳ್ಳುತ್ತ ಕೇಳಿದಳು: "ಇದನ್ನ ಯಾರು ಓಡಿಸ್ತಿದ್ದದ್ದು?"

"ನಾನೇ."

"ಮೊದಲಿಂದಲೂ?"

"ಮೊದಲ ದಿನದಿಂದ. ಮೀಟರು ಐದು ಸಲ ಸುತ್ತಿದೆ, ಬೇರೆ ಯಾರೂ ಓಡಿಸಿಲ್ಲ."

ಅವಳು ಬಾಗಿಲು ತೆಗೆದು, ಸವೆದು ನುಣುಪಾದ ಗೇರಿನ ಗುಂಡಿಯನ್ನೂ ಕಾಲಡಿಯ ಪೆಡಲುಗಳನ್ನೂ ನೋಡಿದಳು. "ಇದೇ ಮಾದರಿ ಗಾಡಿಗಳು ನನ್ನ ಕೈಮೇಲೆ ನೂರಾರು ಹೋಗಿವೆ. ಒಳ್ಳೇ ಗಾಡಿ, ಇಲ್ಲ ಅನ್ನಲ್ಲ. ಆದ್ರೆ ಜನ ಹೇಳೋ ಹಾಗೆ ಅದರಲ್ಲೇನೂ ಮಾಯೆ ಇಲ್ಲ. ಎರಡು ಲಕ್ಷ, ಬಹಳ ಅಂದ್ರೆ ಮೂರು ಲಕ್ಷ ಕಿಲೋಮೀಟರಿಗೆ ಎಲ್ಲ ಮಲಗಿದವು. ಇದು ಇಷ್ಟು ಓಡಿದ್ದು ಗಾಡಿಯಿಂದಲ್ಲ. ಕ್ಲಚ್ಚನ್ನ ಹೀಗೆ ತುಳಿದವರು, ಬ್ರೇಕನ್ನ ಹೀಗೆ ಒತ್ತಿದವರು ಸಿಗಲ್ಲ. ನಾನು ಸರ್ಟಿಫಿಕೇಟ್ ಕೊಡೋದಾದ್ರೆ ನಿಮಗೆ ಕೊಡಬೇಕು."

ಗಾಜಣ್ಣನ ಕಿವಿಯಲ್ಲಿ ಏನೋ ಗುಂಯ್ ಎಂದಿತು. ಹೊಗಳಿಸಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

"ಈಗ ಆ ಇಲಿ ವಿಷಯ" ಎಂದು ಅವಳು ದನಿ ಇಳಿಸಿದಳು. "ಪಾಸಾಗಲಿ ಅಂತ ಏನೇನೋ ಮಾಡ್ಕೊಂಡು ಬರೋರನ್ನ ದಿನಾ ನೋಡ್ತೀನಿ. ಫೇಲಾಗಲಿ ಅಂತ ಮಾಡ್ಕೊಂಡು ಬಂದೋರನ್ನ ಇವತ್ತೇ ನೋಡಿದ್ದು. ನಿಮಗೇನೋ ಕಷ್ಟ ಇರಬೇಕು. ಫೇಲ್ ಅಂತ ಬರೆದ್ರೂ ತಪ್ಪಿಲ್ಲ ಅಂದೆನಲ್ಲ. ಬರೀಲಾ?"

ಇದಕ್ಕಾಗಿಯೇ ಅವನು ಬೆಳಗ್ಗೆಯಿಂದ ಇಷ್ಟು ಒದ್ದಾಡಿದ್ದು. ಹೂಂ ಎಂದರೆ ಮುಗಿಯುತ್ತಿತ್ತು. ಗಾಜಣ್ಣ ದೊಡ್ಡೋನ ಕಡೆ ನೋಡಿದ. ಅಪ್ಪ ಗಾಡಿಯನ್ನು ಹೊಗಳಿದ ಒಂದೊಂದು ಮಾತೂ ನೆನಪಾಯಿತು. ಆ ಗಾಡಿಯನ್ನು ಜ್ವರವೆಂದು ಮಲಗದಂತೆ ನೋಡಿಕೊಂಡವನು, ಹೇಳಿದ ಹೊತ್ತಿಗೆ ತಂದು ನಿಲ್ಲಿಸಿದವನು, ಆಯಿಲ್ ಬದಲಾಯಿಸಿದವನು ಯಾರು? ಅಪ್ಪನಿಗೆ ಅದು ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದು, ಮಗನ ಮುಖ ನೋಡಿ ಹೇಳಲಾಗದೆ ಗಾಡಿಯ ಬಾನೆಟ್ಟು ತಟ್ಟಿ ಹೇಳುತ್ತಿದ್ದನೋ ಏನೋ. ಈಗ ಕೇಳುವುದಾದರೂ ಯಾರನ್ನು?

"ಪಾಸ್ ಅಂತಲೇ ಬರೀರಿ ಮೇಡಂ" ಎಂದ. "ತುಕ್ಕಿಗೆ ನಾಳೆ ಬೆಳಗ್ಗೆಯೇ ವೆಲ್ಡಿಂಗ್ ಮಾಡಿಸ್ತೀನಿ."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ ಬರೆದಳು.

ಬೇಲಿಯ ಪಕ್ಕದಲ್ಲಿದ್ದ ಇಬ್ಬರಿಗೆ ಈ ಕೊನೆಯ ಮಾತುಗಳು ಕೇಳಿಸಿರಲಿಲ್ಲ. ಆದರೆ ಅವಳು ಅತ್ತ ಹೋಗುವಾಗ ಡ್ರೈವರಜ್ಜನನ್ನು ಕಂಡು, "ಗಾಡಿ ಹೆಚ್ಚಲ್ಲ, ನಿಮ್ಮ ಡ್ರೈವರ್ ಹೆಚ್ಚು" ಎಂದು ಹೇಳಿಹೋದಳು. ಅಷ್ಟು ಸಾಕಾಯಿತು. ಅಜ್ಜ ತಕ್ಷಣ ಫೋನು ತೆಗೆದು ಅಕ್ಕನಿಗೆ ಹಚ್ಚಿದ. ಫೋನಿಲ್ಲದಿದ್ದರೂ ಅವಳಿಗೆ ಕೇಳಿಸಬಹುದಾದಷ್ಟು ಗಟ್ಟಿಯಾಗಿ ಹೇಳಿದ. "ಪಾಸು ಕಣಮ್ಮ. ಆ ಮೇಡಂ ಏನಂದ್ರು ಗೊತ್ತಾ? ಇವನ ಕೈಲಿದ್ರೆ ಆ ಗಾಡಿ ಇನ್ನೂ ಹತ್ತು ವರ್ಷ ಓಡುತ್ತೆ ಅಂದ್ರು." ಹತ್ತು ವರ್ಷವನ್ನು ಅಜ್ಜ ತಾನೇ ಸೇರಿಸಿದ್ದ. ಆಗ ಗಂಟೆ ನಾಲ್ಕು.

ವಾಪಸು ಬರುವಾಗ ಭುಜ ನೋಯುತ್ತಲೇ ಇತ್ತು. ಆದರೆ ಗಾಜಣ್ಣನಿಗೆ ಅದರ ಕಡೆ ಲಕ್ಷ್ಯವಿರಲಿಲ್ಲ. ಅಕ್ಕನಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಹೊಸದು ಸದ್ಯಕ್ಕೆ ಬೇಡ ಅಕ್ಕ, ಇದನ್ನೇ ಇಟ್ಟುಕೊಳ್ಳೋಣ, ಭುಜಕ್ಕೆ ಎಣ್ಣೆ ಹಚ್ಚಿದರಾಯಿತು. ಹೀಗೆ ದೊಡ್ಡ ಮನಸ್ಸಿನಿಂದ ಹೇಳುವಾಗ ಅಕ್ಕನ ಮುಖ ಹೇಗಾಗಬಹುದೆಂದು ಊಹಿಸಿ ಒಂದೆರಡು ಸಲ ನಕ್ಕ.

ಅಂಗಡಿಯ ಮುಂದೆ ಒಂದು ಹೊಚ್ಚಹೊಸ ಪಿಕಪ್ಪು ನಿಂತಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಅಕ್ಕನ ಅಳಿಯ ಬಟ್ಟೆ ಹಿಡಿದು ಅದರ ಕನ್ನಡಿ ಒರೆಸುತ್ತಿದ್ದ. ಅಕ್ಕ ದೂರದಿಂದಲೇ, "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದಳು.

ಅಜ್ಜನೂ ಟ್ಯೂಬೂ ಇಳಿದು ಹೊಸ ಗಾಡಿಯ ಸುತ್ತ ತಿರುಗತೊಡಗಿದರು. ಗಾಜಣ್ಣ ಮೆಟ್ಟಿಲ ಬಳಿ ಬಂದು ನಿಂತ. "ಇದು ಯಾರದಕ್ಕ?"

"ನಮ್ಮದೇ" ಎಂದಳು ಅಕ್ಕ. "ಹೋದ ತಿಂಗಳು ದೊಡ್ಡೋನ ಬಾಗಿಲಿನ ಕೀಲು ರಿಪೇರಿಗೆ ಕೊಟ್ಟಿದ್ದಾಗ ವೆಲ್ಡಿಂಗಿನವನು ಹೇಳಿದ್ದ, ಕೆಳಗೆ ತುಕ್ಕು ಹಿಡಿದಿದೆ, ಈ ಸಲ ಎಫ್‌ಸಿ ಆಗೋದೇ ಇಲ್ಲ ಅಂತ. ಎಷ್ಟಾದ್ರೂ ಅಪ್ಪನ ಗಾಡಿ, ನಿಂಗೆ ಹೇಳಿದ್ರೆ ನೊಂದ್ಕೋತೀಯ ಅಂತ ಹೇಳಲಿಲ್ಲ. ಸುಮ್ಮನೆ ಬುಕ್ ಮಾಡಿದೆ. ಫೇಲ್ ಆಗಿ ಮುಖ ಇಳಿಸ್ಕೊಂಡು ಬರ್ತೀಯ, ಬಾಗಿಲಲ್ಲಿ ಇದನ್ನ ನೋಡ್ತೀಯ ಅಂದ್ಕೊಂಡಿದ್ದೆ."

"ಹಾಗಾದ್ರೆ ಇದು..."

"ನಾಲ್ಕು ಗಂಟೆವರೆಗೂ ನಿಂದೇ ಆಗಿತ್ತು ಕಣೋ."

ಗಾಜಣ್ಣ ಕೈಯಲ್ಲಿದ್ದ ಸರ್ಟಿಫಿಕೇಟನ್ನು ನೋಡಿದ.

"ಅಜ್ಜ ಫೋನು ಮಾಡಿದ ಮೇಲೆ ಕೂತು ಯೋಚನೆ ಮಾಡಿದೆ" ಎಂದು ಅಕ್ಕ ಮುಂದುವರಿಸಿದಳು. "ಈಗ ಓಡೋ ಗಾಡಿ ಎರಡಾದವು. ಅಳಿಯಂದಿರನ್ನೂ ಅಂಗಡಿಯೊಳಗೆ ಗಾಜಿನ ಮಧ್ಯೆ ಇಟ್ಕೊಳ್ಳೋಕಾಗಲ್ಲ, ನನ್ನ ಎದೆ ತಡೆಯಲ್ಲ. ದೊಡ್ಡೋನನ್ನ ಇವರ ಕೈಗೆ ಕೊಟ್ರೆ ಮೂರು ದಿನ ಬಾಳಲ್ಲ. ನಿನ್ನ ಕೈಲಾದ್ರೆ ಹತ್ತು ವರ್ಷ ಅಂತ ಸರ್ಕಾರದವರೇ ಹೇಳಿದಾರೆ. ಗಾಜಿನ ಲೋಡು ದೊಡ್ಡೋನ ಜೊತೆ ನೀನೇ ನೋಡ್ಕೋ. ಹೊಸದು ಇವರು ಓಡಿಸ್ಲಿ, ಅಲ್ಯೂಮಿನಿಯಂ ಚೌಕಟ್ಟು ಸಾಗಿಸ್ಲಿ. ಅದು ಬಿದ್ರೂ ಬಗ್ಗುತ್ತೆ, ಒಡೆಯಲ್ಲ."

ಲೆಕ್ಕ ಎಲ್ಲೂ ತಪ್ಪಿರಲಿಲ್ಲ. ಗಾಜಣ್ಣ ಹೊಸ ಗಾಡಿಯ ಹತ್ತಿರ ಹೋಗಿ ಬಾಗಿಲು ತೆಗೆದು ಒಳಗೆ ಕೂತ. ಹೊಸ ಪ್ಲಾಸ್ಟಿಕ್ಕಿನ ವಾಸನೆ. ಕೀ ತಿರುಗಿಸಿ, ಬಲಗೈಯ ಒಂದು ಬೆರಳನ್ನು ಸ್ಟೀರಿಂಗಿನ ಮೇಲಿಟ್ಟ. ಬೆರಳು ಹೋದ ಕಡೆಗೆ ಅದು ಹೋಯಿತು. ಭುಜಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿಸಿದ.

ಅಳಿಯ ಕಿಟಕಿಯ ಹತ್ತಿರ ಬಂದು ವಿನಯದಿಂದ ನಿಂತುಕೊಂಡ. "ಮಾವ, ಸ್ವಲ್ಪ ಇಳೀತೀರಾ? ಒಂದು ಡೆಲಿವರಿ ಇದೆ."

ಗಾಜಣ್ಣ ಇಳಿದ. ಅಳಿಯ ಹತ್ತಿ ಕೂತು, ಗೇರನ್ನು ಒಮ್ಮೆ ಕರಕರ ಎನ್ನಿಸಿ, ನೆಗೆಯುತ್ತ ಹೊರಟ. ಅಜ್ಜನೂ ಟ್ಯೂಬೂ ಅವನಿಗೆ ದಾರಿ ತೋರಿಸಲು ಆಗಲೇ ಹತ್ತಿಯಾಗಿತ್ತು.

ಅಕ್ಕ ಸರ್ಟಿಫಿಕೇಟು ತೆಗೆದುಕೊಂಡು ಕನ್ನಡಕ ಸರಿಮಾಡಿಕೊಂಡು ಓದಿದಳು. "ಆ ಮೇಡಂ ಬಹಳ ಬಿಗಿ ಅಂತ ಕೇಳಿದ್ದೆ. ತುಕ್ಕು ಇದೆ ಅಂತಾನೂ ಬರೆದಿದಾರೆ, ಪಾಸು ಅಂತಾನೂ ಬರೆದಿದಾರೆ. ಇದು ಹೇಗೆ?"

"ಫೇಲ್ ಅಂತ ಬರೀಲಾ ಅಂತ ಕೇಳಿದ್ರು."

"ಯಾರನ್ನ?"

"ನನ್ನನ್ನೇ."

"ನೀನೇನಂದೆ?"

"ಪಾಸ್ ಅಂತ ಬರೀರಿ ಅಂದೆ."

ಅಕ್ಕ ಕಾಗದವನ್ನು ನಿಧಾನವಾಗಿ ಮಡಿಚಿದಳು. ತಮ್ಮನ ಭುಜ ನೋಡಿದಳು, ತಪ್ಪು ಬೈತಲೆ ನೋಡಿದಳು. "ಮೂರು ತಿಂಗಳಿಂದ ನೋವು ನೋವು ಅಂತ ನನ್ನ ಜೀವ ತಿಂದೆಯಲ್ಲೋ. ಕೈಗೆ ಬಂದದ್ದನ್ನ ಯಾಕೋ ಬಿಟ್ಟೆ?"

ಬೀದಿಯ ಕೊನೆಯಲ್ಲಿ ಹೊಸ ಗಾಡಿ ಮೂಲೆಯ ಕಂಬವನ್ನು ಸವರಿದ ಸದ್ದು ಬಂತು. ಅದರ ಹಿಂದೆಯೇ ಅಜ್ಜನ ಬೈಗುಳ. ಗಾಜಣ್ಣ ಆ ಕಡೆ ತಿರುಗಲಿಲ್ಲ. ಎಡಗೈಯಿಂದ ಬಲಭುಜ ನೀವಿಕೊಳ್ಳುತ್ತ, ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲಿ ಹೇಳಿದ:

"ಹೊಗಳಿಬಿಟ್ರು ಕಣಕ್ಕಾ."